ಹಗಲು ದೀವಟಿಗೆ



2017ರ ಮಳೆಗಾಲದಲ್ಲಿ ನನ್ನ ತಂಗಿಯ ಮಗ ಹೊಸದೊಂದು ಮೋಟಾರ್ ಸೈಕಲ್ ಕೊಂಡು, ಅದನ್ನು ತೋರಿಸಿ ಆಶೀರ್ವಾದ ಪಡೆಯಲೆಂದು ನಮ್ಮ ಮನೆಗೆ ಬಂದಿದ್ದ. ಅಂಗಳದಲ್ಲಿ ಗಾಡಿಯನ್ನು ನಿಲ್ಲಿಸಿದವನು ಕಾಫಿ ಕುಡಿಯುವುದಕ್ಕೂ ಮೊದಲೇ ತನ್ನ ದೂರನ್ನು ಹೇಳತೊಡಗಿದ. "ಮಾವ, ಈ ಗಾಡಿಗೆ ಹೆಡ್‌ಲೈಟ್ ಆರಿಸೋ ಸ್ವಿಚ್ಚೇ ಇಲ್ಲ. ದಾರಿಯುದ್ದಕ್ಕೂ ಎದುರಿಗೆ ಬಂದವರೆಲ್ಲ ಕೈಬೆರಳು ಅರಳಿಸಿ ಮುಚ್ಚಿ, ಲೈಟ್ ಉರೀತಿದೆ ಅಂತ ಸನ್ನೆ ಮಾಡ್ತಾರೆ. ನಾಚಿಕೆ ಆಗುತ್ತೆ. ನಮ್ಮ ಪೇಟೇಲಿ ಒಬ್ಬ ಮೆಕ್ಯಾನಿಕ್ ಸ್ವಿಚ್ ಕೂರಿಸಿಕೊಡ್ತಾನಂತೆ. ಹಾಕಿಸಿಬಿಡಲಾ?"

ನಾನು ಆಗ ಕೊಟ್ಟ ಉತ್ತರವನ್ನು ಮುಂದೆ ಹೇಳುತ್ತೇನೆ. ಅವನ ಮಾತು ಕೇಳಿದಾಗ ಮೊದಲು ಹೊಳೆದದ್ದು ನಮ್ಮ ಹಿಂದಿನವರ ಒಂದು ಬಿರುದು. ರಾಜರು ತಮಗೆ ಬೇಕಾದ ಮಠಾಧಿಪತಿಗಳಿಗೂ ಪಾಳೆಯಗಾರರಿಗೂ ಛತ್ರ, ಚಾಮರ, ಪಲ್ಲಕ್ಕಿಗಳೊಡನೆ 'ಹಗಲು ದೀವಟಿಗೆ'ಯ ಮರ್ಯಾದೆಯನ್ನೂ ದಯಪಾಲಿಸುತ್ತಿದ್ದರು. ಸೂರ್ಯನಿರುವಾಗಲೇ ಮುಂದೆ ಪಂಜು ಹಿಡಿಸಿಕೊಂಡು ಹೋಗುವ ಅಧಿಕಾರ ಎಲ್ಲರಿಗೂ ಇರಲಿಲ್ಲ. ಆ ಪಂಜಿನ ಉದ್ದೇಶ ದಾರಿ ಕಾಣುವುದಲ್ಲ. ಬರುತ್ತಿರುವವರು ಇತರರಿಗೆ ಕಾಣುವುದು. ದೀಪಕ್ಕೆ ಎರಡು ಕೆಲಸ, ಒಂದು ನೋಡಲು, ಇನ್ನೊಂದು ನೋಡಿಸಿಕೊಳ್ಳಲು. ವಾಹನಗಳ ಮುಂದಿನ ದೀಪದ ಚರಿತ್ರೆಯೆಲ್ಲ ಬಹುಮಟ್ಟಿಗೆ ಮೊದಲನೆಯ ಕೆಲಸದ ಚರಿತ್ರೆ. ಎರಡನೆಯದರ ಕಡೆಗೆ ಜನರ ಗಮನ ಹರಿದದ್ದು ಬಹಳ ತಡವಾಗಿ.

ನನ್ನ ಪ್ರಾಯದವರಿಗೆ ಈ ಚರಿತ್ರೆ ಸೈಕಲ್ಲಿನಿಂದಲೇ ಆರಂಭವಾಗುತ್ತದೆ. ರಾತ್ರಿ ದೀಪವಿಲ್ಲದೆ ಸೈಕಲ್ ತುಳಿಯುವುದು ಅಪರಾಧವಾಗಿದ್ದ ಕಾಲವದು. ಸರ್ಕಲ್ಲಿನಲ್ಲಿ ನಿಂತ ಪೇದೆ ಹಿಡಿದರೆ ದಂಡ ತೆರಬೇಕು. ದಂಡಕ್ಕೆ ಕಾಸಿಲ್ಲದ ಹುಡುಗರಾದರೆ ಅವನು ಚಕ್ರದ ಗಾಳಿ ಬಿಟ್ಟು ಕಳುಹಿಸುತ್ತಿದ್ದ. ಕೆಲವರ ಬಳಿ ಸೀಮೆಎಣ್ಣೆಯ ಪುಟ್ಟ ಲಾಂದ್ರವಿತ್ತು. ಅನುಕೂಲವಂತರ ಸೈಕಲ್ಲಿಗೆ ಡೈನಮೋ ಇರುತ್ತಿತ್ತು. ಟೈರಿಗೆ ಒತ್ತಿಕೊಂಡು ತಿರುಗುವ ಆ ಸೀಸೆಯಾಕಾರದ ಯಂತ್ರವನ್ನು ತರಗತಿಗೆ ತಂದು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ಮಾಡಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದರ ಗುಣವೇ ಅದರ ದೋಷವೂ ಆಗಿತ್ತು. ಇಳಿಜಾರಿನಲ್ಲಿ ಝಗ್ಗನೆ ಬೆಳಗುವುದು, ಏರು ಬಂದಾಗ ಕೆಂಡದಂತೆ ಮಂಕಾಗುವುದು. ಲಾರಿ ಎದುರಾಯಿತೆಂದು ಹೆದರಿ ನಿಂತರೆ ಪೂರ್ತಿ ಕತ್ತಲೆ. ಕಾಣಿಸಿಕೊಳ್ಳಬೇಕಾದ ಹೊತ್ತಿನಲ್ಲೇ ಕಾಣದಂತೆ ಮಾಡುವ ದೀಪ!

ಮೋಟಾರು ಗಾಡಿಗಳ ಮೊದಲ ದೀಪಗಳೂ ಎಣ್ಣೆಯವೇ, ಕುದುರೆಗಾಡಿಯಿಂದ ಬಳುವಳಿಯಾಗಿ ಬಂದವು. ಗಂಟೆಗೆ ಹತ್ತು ಹನ್ನೆರಡು ಮೈಲಿ ಓಡುವ ಗಾಡಿಗೆ ಅವು ಸಾಕಾಗಿದ್ದವು. ವೇಗ ಹೆಚ್ಚಿದಂತೆ ಅವು ಸಾಲದಾದವು, ಗಾಳಿಗೆ ಆರಿಯೂ ಹೋಗುತ್ತಿದ್ದವು. ಆಗ ನೆರವಿಗೆ ಬಂದದ್ದು ಕಾರ್ಬೈಡ್. ಕೆನಡಾದ ಥಾಮಸ್ ವಿಲ್ಸನ್ ಎಂಬಾತ 1892ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ವಿದ್ಯುತ್ ಕುಲುಮೆಯಲ್ಲಿ ಬೇರೇನನ್ನೋ ತಯಾರಿಸಲು ಹೊರಟು, ಸುಣ್ಣ ಮತ್ತು ಇದ್ದಿಲಿನ ಅಂಶದಿಂದ ಕ್ಯಾಲ್ಸಿಯಂ ಕಾರ್ಬೈಡನ್ನು ಅಗ್ಗವಾಗಿ ಪಡೆಯುವ ದಾರಿಯನ್ನು ಕಂಡುಕೊಂಡ. ಇದರ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ. ಅದರ ಜ್ವಾಲೆ ಅಚ್ಚ ಬಿಳುಪು, ಗಾಳಿಮಳೆಗೆ ಸುಲಭವಾಗಿ ಬಗ್ಗದು. ನಮ್ಮ ಹಣ್ಣಿನ ಮಂಡಿಗಳಲ್ಲಿ ಕಾನೂನಿಗೆ ಕಣ್ಣು ತಪ್ಪಿಸಿ ಮಾವಿನಕಾಯಿಯ ನಡುವೆ ಪೊಟ್ಟಣ ಕಟ್ಟಿಡುತ್ತಾರಲ್ಲ, ಅದೇ ಬೂದುಬಣ್ಣದ ಕಲ್ಲು. ಗಾಡಿಯ ಪಕ್ಕದಲ್ಲಿ ಒಂದು ಡಬ್ಬಿಯಲ್ಲಿ ಕಾರ್ಬೈಡ್, ಅದರ ಮೇಲೊಂದು ನೀರಿನ ಪಾತ್ರೆ, ಅಲ್ಲಿಂದ ದೀಪಕ್ಕೆ ರಬ್ಬರ್ ಕೊಳವೆ. ದೀಪ ಹಚ್ಚುವುದೆಂದರೆ ಒಲೆ ಹಚ್ಚಿದಷ್ಟೇ ಕೆಲಸ. ಮರುದಿನ ಡಬ್ಬಿಯೊಳಗಿನ ಸುಣ್ಣದ ಕೆಸರನ್ನು ಕೆರೆದು ತೆಗೆಯುವ ಶಿಕ್ಷೆ ಬೇರೆ.

ಈ ಕಷ್ಟವನ್ನು ಕಂಡು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಕಾರ್ಲ್ ಫಿಶರ್ ಮತ್ತು ಜೇಮ್ಸ್ ಆಲಿಸನ್ ಎಂಬವರು 1904ರಲ್ಲಿ ಅಸಿಟಿಲೀನನ್ನು ಉರುಳೆಗಳಲ್ಲಿ ತುಂಬಿ ಮಾರತೊಡಗಿದರು. 'ಪ್ರೆಸ್ಟ್-ಓ-ಲೈಟ್' ಎಂಬುದು ಅದರ ಹೆಸರು. ಒತ್ತಡಕ್ಕೆ ಸಿಲುಕಿದ ಅಸಿಟಿಲೀನ್ ಸುಮ್ಮನಿರುವ ವಸ್ತುವಲ್ಲ. ಉರುಳೆಯೊಳಗಿನ ಅಸಿಟೋನಿನಲ್ಲಿ ಕರಗಿಸಿಟ್ಟರೂ ಅದನ್ನು ತುಂಬುವ ಕಾರ್ಖಾನೆಗಳಲ್ಲಿ ಸ್ಫೋಟಗಳು ನಡೆದು ಜನ ಗಾಯಗೊಂಡರು. ಆದರೂ ವ್ಯಾಪಾರ ಬೆಳೆಯಿತು. ಆ ಹಣ ಮುಂದೆ ಎಲ್ಲಿಗೆ ಹರಿಯಿತೆಂಬುದು ಸ್ವಾರಸ್ಯದ ಸಂಗತಿ. ಇಂಡಿಯಾನಾಪೊಲಿಸ್ಸಿನ ಪ್ರಸಿದ್ಧ ಕಾರು ಪಂದ್ಯದ ಮೈದಾನವನ್ನು 1909ರಲ್ಲಿ ಕಟ್ಟಿದವರಲ್ಲಿ ಇವರಿಬ್ಬರೂ ಇದ್ದರು.

ವಿದ್ಯುದ್ದೀಪವುಳ್ಳ ಕಾರು ಇದಕ್ಕಿಂತ ಹಿಂದೆಯೇ, 1898ರಲ್ಲಿ, ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ತಯಾರಾಗಿತ್ತೆಂದರೆ ನಿಮಗೆ ಆಶ್ಚರ್ಯವಾಗಬಹುದು. ಅದು ಬ್ಯಾಟರಿಯಿಂದಲೇ ಓಡುವ ಕೊಲಂಬಿಯಾ ಕಾರು. ಆದರೆ ಆ ಕಾಲದ ಬಲ್ಬಿನ ತಂತು ರಸ್ತೆಯ ಕುಲುಕಾಟಕ್ಕೆ ಬೇಗ ತುಂಡಾಗುತ್ತಿತ್ತು. ಪೆಟ್ರೋಲ್ ಕಾರಿನಲ್ಲಿ ಇಡುವಷ್ಟು ಚಿಕ್ಕದಾದ, ಸಾಕಷ್ಟು ವಿದ್ಯುತ್ ಕೊಡುವ ಡೈನಮೋ ಇರಲಿಲ್ಲ. ಈ ತೊಡಕು ಬಿಡಿಸಿದವನು ಚಾರ್ಲ್ಸ್ ಕೆಟರಿಂಗ್. ಆತನ ಸಂಸ್ಥೆ 1912ರ ಮಾದರಿಯ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್, ದಹನದ ಕಿಡಿ ಮತ್ತು ದೀಪ ಮೂರನ್ನೂ ಒಂದೇ ವ್ಯವಸ್ಥೆಯೊಳಗೆ ಕೂಡಿಸಿಕೊಟ್ಟಿತು. ಹ್ಯಾಂಡಲ್ ತಿರುಗಿಸಿ ತೋಳು ಮುರಿದುಕೊಳ್ಳುವ ಕಾಲ ಮುಗಿಯುತ್ತ ಬಂದಂತೆ ಕಾರ್ಬೈಡಿನ ಕಾಲವೂ ಮುಗಿಯಿತು.

ಇಲ್ಲಿಂದ ಮುಂದೆ ಕಥೆ ಒಂದು ತಿರುವು ಪಡೆಯುತ್ತದೆ. ಅದುವರೆಗೂ ಬೆಳಕು ಸಾಲದು ಎಂಬುದೇ ಕೊರತೆಯಾಗಿತ್ತು. ವಿದ್ಯುತ್ ಬಂದ ಹತ್ತೇ ವರ್ಷಗಳಲ್ಲಿ ಬೆಳಕು ಹೆಚ್ಚಾಯಿತೆಂಬ ದೂರು ಆರಂಭವಾಯಿತು. ನನಗೆ ಕಾಣುವುದು ನಿನಗೆ ಕುರುಡು. ಎದುರು ಬರುವವನ ಕಣ್ಣಿಗೆ ಬೀಳದಂತೆ ಬೆಳಕನ್ನು ರಸ್ತೆಗೆ ಇಳಿಸುವುದು ಹೇಗೆ? ದೀಪವನ್ನೇ ಸನ್ನೆಕೋಲಿನಿಂದ ಬಗ್ಗಿಸುವ ಉಪಾಯಗಳು ಬಂದವು, ಹೋದವು. ನಿಜವಾದ ಪರಿಹಾರ ದೊರೆತದ್ದು 1924ರಲ್ಲಿ, ಜರ್ಮನಿಯ ಓಸ್ರಾಮ್ ಸಂಸ್ಥೆಯ 'ಬೈಲಕ್ಸ್' ಬಲ್ಬಿನಿಂದ. ಒಂದೇ ಗಾಜಿನ ಬುರುಡೆಯೊಳಗೆ ಎರಡು ತಂತುಗಳು. ಇದರ ಚಮತ್ಕಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳೆಯ ಮೇಷ್ಟರ ಚಾಪಲ್ಯ, ಸಹಿಸಿಕೊಳ್ಳಿ.

ಹೆಡ್‌ಲೈಟಿನ ಹಿಂಭಾಗದ ಬಟ್ಟಲು ಒಂದು ನಿಮ್ನ ದರ್ಪಣ, ಪರವಲಯದ ಆಕಾರದ್ದು. ಅದರ ಪ್ರಧಾನ ಸಂಗಮದಲ್ಲಿ ತಂತುವನ್ನಿಟ್ಟರೆ ಕಿರಣಗಳು ಸಮಾಂತರವಾಗಿ ದೂರಕ್ಕೆ ಹೋಗುತ್ತವೆ. ಇದು ಹೈ ಬೀಮ್. ಎರಡನೆಯ ತಂತು ಸಂಗಮಕ್ಕಿಂತ ಸ್ವಲ್ಪ ಮುಂದೆ ಇದೆ. ಅಲ್ಲಿಂದ ಹೊರಟು ಬಟ್ಟಲಿನ ಮೇಲರ್ಧಕ್ಕೆ ತಾಗಿದ ಕಿರಣಗಳು ಕೆಳಮುಖವಾಗಿ ರಸ್ತೆಗೆ ಬೀಳುತ್ತವೆ. ಕೆಳಗಿನ ಅರ್ಧಕ್ಕೆ ತಾಗಿದರೆ ಮೇಲ್ಮುಖವಾಗಿ ಎದುರಿನವನ ಕಣ್ಣಿಗೆ ಹೋಗುತ್ತವೆ. ಆದ್ದರಿಂದ ಈ ತಂತುವಿನ ಅಡಿಗೆ ಉಗುರಿನಷ್ಟು ದೊಡ್ಡ ಲೋಹದ ತಟ್ಟೆಯೊಂದನ್ನು ಇಟ್ಟು ಕೆಳಗೆ ಬೆಳಕೇ ಹೋಗದಂತೆ ತಡೆದರು. ಇದೇ ಡಿಪ್. 1950ರ ದಶಕದಲ್ಲಿ ಯೂರೋಪಿನವರು ಆ ತಟ್ಟೆಯ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿ, ರಸ್ತೆಯ ಅಂಚಿನ ಕಡೆಗೆ ಮಾತ್ರ ಬೆಳಕು ಸ್ವಲ್ಪ ಮೇಲೇರಿ ಪಾದಚಾರಿಗಳು ಕಾಣುವಂತೆ ಮಾಡಿದರು. ರಾತ್ರಿ ಗೋಡೆಯೆದುರು ಕಾರು ನಿಲ್ಲಿಸಿ ಡಿಪ್ ಹಾಕಿ ನೋಡಿ, ಬೆಳಕಿನ ಗೆರೆ ಎಡಗಡೆ ಮೇಲೇರಿರುವುದು ಕಾಣುತ್ತದೆ. ಬಲಗಡೆ ಏರಿದ್ದರೆ ಅದು ಬಲಬದಿಯಲ್ಲಿ ಓಡಿಸುವ ದೇಶಕ್ಕಾಗಿ ಮಾಡಿದ ದೀಪ. ಅಂಥದ್ದನ್ನು ಇಲ್ಲಿ ಹಾಕಿಕೊಳ್ಳಬಾರದು.

ಈಗ ನಮ್ಮಲ್ಲಿನ ಒಂದು ಹಳೆಯ ಆಚಾರವನ್ನು ನೆನಪಿಸಿಕೊಳ್ಳಿ. ಲಾರಿ, ಬಸ್ಸು, ಸ್ಕೂಟರುಗಳ ಹೆಡ್‌ಲೈಟಿನ ಗಾಜಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದರಷ್ಟೆ. ಬೆಳಕು ಮೇಲಕ್ಕೆ ಹೋಗದಿರಲೆಂದು ಮೇಲರ್ಧ ಮುಚ್ಚುವುದು ಸಹಜವಾದ ತರ್ಕ. ನಾನೂ ನನ್ನ ಸ್ಕೂಟರಿಗೆ ಹಾಗೆಯೇ ಬಳಿಸಿದ್ದೆ. ಬಹುಕಾಲದ ಅನಂತರ ಬೈಲಕ್ಸ್ ಬಲ್ಬಿನ ಚಿತ್ರವನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದಾಗ ಚಾಕ್ ಹಿಡಿದ ಕೈ ನಿಂತುಬಿಟ್ಟಿತು. ಡಿಪ್ಪಿನ ಬೆಳಕೆಲ್ಲ ಹೊರಡುವುದು ಬಟ್ಟಲಿನ ಮೇಲರ್ಧದಿಂದಲೇ! ಅದು ಹೊರಬರುವ ದಾರಿಗೇ ನಾವು ಮಸಿ ಬಳಿದಿದ್ದೆವು. ಇಳಿಮುಖವಾಗಿ ರಸ್ತೆಯನ್ನು ಬೆಳಗಬೇಕಾದ ಕಿರಣಗಳನ್ನು ತಡೆದು, ಏನೂ ಹೊರಡದ ಕೆಳಗಿನ ಅರ್ಧವನ್ನು ತೆರೆದಿಟ್ಟಿದ್ದೆವು. ಎದುರಿನವನಿಗೆ ಕಣ್ಣು ಕುಕ್ಕುವುದು ಕಡಿಮೆಯಾಗುತ್ತಿತ್ತು, ನಿಜ. ನಮಗೆ ದಾರಿ ಕಾಣುವುದೂ ಅಷ್ಟೇ ಕಡಿಮೆಯಾಗುತ್ತಿತ್ತು. ವಿಜ್ಞಾನದ ಮೇಷ್ಟರ ಸ್ಕೂಟರಿನ ಮೇಲೆಯೇ ಈ ತಪ್ಪು ಹತ್ತು ವರ್ಷ ತಿರುಗಾಡಿತು.

ಅಮೆರಿಕದವರು ಬೇರೆಯೇ ದಾರಿ ಹಿಡಿದರು. ಬಟ್ಟಲಿಗೆ ತುಕ್ಕು ಹಿಡಿಯುವುದು, ಧೂಳು ಸೇರುವುದು ತಪ್ಪಲೆಂದು ಗಾಜು, ಬಟ್ಟಲು, ತಂತು ಎಲ್ಲವನ್ನೂ ಒಂದೇ ಗೂಡಾಗಿ ಬೆಸೆದ 'ಸೀಲ್ಡ್ ಬೀಮ್' ದೀಪವನ್ನು 1939ರಲ್ಲಿ ಹೊರತಂದು, 1940ರ ಮಾದರಿಯ ಕಾರುಗಳಿಗೆಲ್ಲ ಏಳು ಇಂಚಿನ ಒಂದೇ ಅಳತೆಯ ದುಂಡು ದೀಪವನ್ನು ಗೊತ್ತುಮಾಡಿದರು. ಯಾವ ಊರಿನ ಅಂಗಡಿಯಲ್ಲಿ ಕೊಂಡರೂ ಯಾವ ಕಾರಿಗಾದರೂ ಹೊಂದುತ್ತಿತ್ತು. ಆದರೆ ನಿಯಮವೇ ಸರಪಳಿಯೂ ಆಯಿತು: ಬಲ್ಬು ಮಾತ್ರ ಬದಲಿಸುವ ದೀಪಕ್ಕೆ ಅಲ್ಲಿ 1983ರವರೆಗೂ ಅನುಮತಿಯಿರಲಿಲ್ಲ. ಫ್ರಾನ್ಸಿನವರದು ಇನ್ನೊಂದು ಹಟ. 1930ರ ದಶಕದ ಕೊನೆಯಿಂದ 1993ರವರೆಗೆ ಅಲ್ಲಿ ಕಾರಿನ ದೀಪ ಹಳದಿಯಾಗಿರಲೇಬೇಕಾಗಿತ್ತು. ಹಳದಿ ಬೆಳಕು ಕಣ್ಣನ್ನು ಕಡಿಮೆ ಕುಕ್ಕುತ್ತದೆಂಬುದು ಅವರ ವಾದ. ಹಳದಿ ಗಾಜು ಬೆಳಕಿನ ಒಂದು ಪಾಲನ್ನು ತಾನೇ ನುಂಗುತ್ತದೆಯಾದ್ದರಿಂದ ಕುಕ್ಕುವುದು ಕಡಿಮೆಯಾದದ್ದು ಬಣ್ಣದಿಂದಲೋ ಮಂಕಿನಿಂದಲೋ ಎಂಬ ಚರ್ಚೆ ಕೊನೆಯವರೆಗೂ ಮುಗಿಯಲಿಲ್ಲ.

ದೀಪವೇ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಬ್ರಿಟನ್ ದೊಡ್ಡ ಬೆಲೆ ತೆತ್ತು ಕಲಿಯಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಹೆದರಿ ಬೀದಿದೀಪಗಳನ್ನೆಲ್ಲ ಆರಿಸಿ, ಕಾರಿನ ದೀಪಗಳಿಗೆ ಸೀಳುಗಂಡಿಯ ಮುಖವಾಡ ತೊಡಿಸಿದ್ದರು. 1941ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು 9,169 ಜನ. ಪೆಟ್ರೋಲ್ ಪಡಿತರದಿಂದಾಗಿ ವಾಹನಗಳೇ ವಿರಳವಾಗಿದ್ದ ವರ್ಷ ಅದು. ಆದರೂ ಆ ದೇಶದ ಚರಿತ್ರೆಯಲ್ಲಿ ರಸ್ತೆಸಾವಿನ ಅತಿ ದೊಡ್ಡ ಸಂಖ್ಯೆ ಅದೇ.

ಹ್ಯಾಲೊಜನ್ ದೀಪದ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಾಮಾನ್ಯ ಬಲ್ಬಿನ ಟಂಗ್‌ಸ್ಟನ್ ತಂತು ಕಾದಾಗ ಆವಿಯಾಗಿ ಗಾಜಿನ ಒಳಮೈಗೆ ಮಸಿಯಂತೆ ಅಂಟುತ್ತದೆ. ಬುರುಡೆಯೊಳಗೆ ಅಯೋಡಿನ್ ಅಥವಾ ಬ್ರೋಮಿನ್ ಇಟ್ಟರೆ ಅದು ಹಾರಿಹೋದ ಟಂಗ್‌ಸ್ಟನ್ನನ್ನು ಹಿಡಿದು ತಂದು ಮತ್ತೆ ತಂತುವಿನ ಬಳಿಯೇ ಬಿಡುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಫ್ರಿಡ್ರಿಚ್ ಮತ್ತು ವೈಲಿ ಎಂಬವರಿಗೆ ಇದರ ಪೇಟೆಂಟ್ ದೊರೆತದ್ದು 1959ರಲ್ಲಿ. ಕಾರಿನ ಬಲ್ಬಾಗಿ ಅದು ಯೂರೋಪಿನಲ್ಲಿ ಬಂದದ್ದು 1962ರಲ್ಲಿ. ಎರಡು ತಂತುಗಳ 'ಎಚ್4' ಬಲ್ಬು 1971ರದು. ನಮ್ಮ ದೇಶದ ಕಾರುಗಳಲ್ಲಿಯೂ ಇಂದಿಗೂ ಹೇರಳವಾಗಿರುವುದು ಅದೇ. ಅದರ ಸ್ಫಟಿಕ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಮಿತಿಮೀರಿ ಕಾದು ಒಡೆಯುತ್ತದೆ.

ಆಮೇಲೆ ತಂತುವೇ ಇಲ್ಲದ ದೀಪಗಳು ಬಂದವು. 1991ರಲ್ಲಿ ಬಿಎಂಡಬ್ಲ್ಯೂ ಸಂಸ್ಥೆ ತನ್ನ ದೊಡ್ಡ ಕಾರಿಗೆ ಕ್ಸೆನಾನ್ ದೀಪವನ್ನು ಕೂಡಿಸಿತು; ಎರಡು ವಿದ್ಯುದಗ್ರಗಳ ನಡುವೆ ಸಿಡಿಲಿನ ತುಣುಕೊಂದನ್ನು ನಿಲ್ಲಿಸಿದಂತೆ. ಹೊತ್ತಿಸಲು ಸುಮಾರು 20,000 ವೋಲ್ಟಿನ ಒಂದು ಹೊಡೆತ ಬೇಕು, ಹೊತ್ತಿದ ಮೇಲೆ 35 ವ್ಯಾಟ್ ಸಾಕು. 55 ವ್ಯಾಟಿನ ಹ್ಯಾಲೊಜನ್ ಬಲ್ಬು 1,000ದಿಂದ 1,500 ಲ್ಯೂಮೆನ್ ಬೆಳಕು ಕೊಟ್ಟರೆ ಇದು 3,000ದಷ್ಟು ಕೊಡುತ್ತದೆ. ಅದೂ ಈಗ ಹಳತಾಗಿ ಎಲ್‌ಇಡಿಯ ಯುಗ ಬಂದಿದೆ. ಕೆಂಪು, ಹಸಿರು ಎಲ್‌ಇಡಿಗಳು ಹಿಂದೆಯೇ ಇದ್ದವು; ಬಿಳಿಯ ಬೆಳಕಿಗೆ ನೀಲಿಯದು ಬೇಕಾಗಿತ್ತು. ಜಪಾನಿನ ಅಕಸಾಕಿ, ಅಮಾನೊ ಮತ್ತು ನಕಮುರಾ ಅವರು ಅದನ್ನು ಸಾಧಿಸಿದ್ದಕ್ಕಾಗಿ 2014ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. 2007ರ ಸುಮಾರಿಗೆ ಲೆಕ್ಸಸ್ ಕಾರಿನ ಡಿಪ್ ದೀಪ ಎಲ್‌ಇಡಿಯಾಯಿತು. 2013ರಲ್ಲಿ ಔಡಿ ಸಂಸ್ಥೆ ಎದುರಿನ ಕಾರಿರುವ ಭಾಗವನ್ನು ಮಾತ್ರ ಕತ್ತಲೆ ಮಾಡಿ ಉಳಿದೆಡೆ ಹೈ ಬೀಮನ್ನೇ ಉಳಿಸುವ ದೀಪವನ್ನು ತಂದಿತು.

ಇದೆಲ್ಲ ಅಲ್ಲಿನ ಕಥೆ. ನಮ್ಮ ರಸ್ತೆಗಳಲ್ಲಿ ನಡೆಯುತ್ತಿರುವುದೇನು? ಎಚ್4 ತಂತುವಿನ ಲೆಕ್ಕಕ್ಕೆ ಮಾಡಿದ ಹಳೆಯ ಬಟ್ಟಲಿಗೆ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕ ಎಲ್‌ಇಡಿ ಬಲ್ಬನ್ನು ತುರುಕುತ್ತಾರೆ. ಬೆಳಕಿನ ಮೂಲ ಕೂದಲೆಳೆಯಷ್ಟು ಸರಿದರೂ ಕಿರಣಗಳ ದಿಕ್ಕು ಕೆಟ್ಟು, ಗೋಡೆಯ ಮೇಲಿನ ಆ ಅಚ್ಚುಕಟ್ಟಾದ ಗೆರೆ ಕದಡಿಹೋಗುತ್ತದೆ. ಓಡಿಸುವವನಿಗೆ ತನ್ನ ಮೂಗಿನ ಮುಂದೆ ಬೆಳ್ಳಗೆ ಕಂಡು ಸಂತೋಷವಾಗುತ್ತದೆ. ಎದುರಿನವನಿಗೆ ಕಣ್ಣಿಗೆ ಸುಣ್ಣ ಬಳಿದಂತಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಹೋಗುತ್ತದೆ. ಕುಕ್ಕಿದ ಕಣ್ಣು ಚೇತರಿಸಿಕೊಳ್ಳಲು ಹಲವು ಸೆಕೆಂಡುಗಳು ಬೇಕು. ನನ್ನಂಥ ಮುದುಕರಿಗೆ ಇನ್ನೂ ಹೆಚ್ಚು. 2024ರ ಜುಲೈಯಿಂದ ಕರ್ನಾಟಕದ ಪೊಲೀಸರು ಇಂಥ ದೀಪಗಳ ಮೇಲೆ ಮೊಕದ್ದಮೆ ಹೂಡತೊಡಗಿದರೆಂದು ಓದಿ ಸಮಾಧಾನವಾಯಿತು. ಎಪ್ಪತ್ತು ದಾಟಿದ ಮೇಲೆ ರಾತ್ರಿ ಸ್ಕೂಟರ್ ಹತ್ತುವುದನ್ನು ನಾನು ಬಿಟ್ಟದ್ದು ಈ ದೀಪಗಳ ದೆಸೆಯಿಂದಲೇ.

ಇನ್ನು ಹಗಲಿನ ವಿಚಾರಕ್ಕೆ ಬರಬೇಕು. ಇದನ್ನು ಬರೆಯಲು ಹಲವು ದಿನ ಹಿಂಜರಿದೆ.

1986ರ ಮಾರ್ಚ್ ತಿಂಗಳಿನಲ್ಲಿ, ಪರೀಕ್ಷೆಗಳು ಹತ್ತಿರವಾಗಿದ್ದಾಗ, ನಮ್ಮ ಶಾಲೆಯ ಗಣಿತದ ಮೇಷ್ಟ್ರು ಬೆಳಗ್ಗೆ ಹತ್ತು ಗಂಟೆಗೆ ಸ್ಕೂಟರಿನಲ್ಲಿ ಬರುತ್ತಿದ್ದರು. ಅವರ ಮನೆಯವರು ಇದನ್ನು ಓದುತ್ತಾರಾದ್ದರಿಂದ ಹೆಸರು ಬರೆಯುವುದಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ಯಾರೆಂದು ತಿಳಿದಿದೆ. ಊರ ಹೊರಗೆ ಆಗ ಹುಣಸೆಯ ಸಾಲುಮರಗಳಿದ್ದವು, ಹಗಲಿನಲ್ಲೂ ತಂಪು ಕತ್ತಲೆ. ಬಿಸಿಲು ಎಲೆಗಳ ನಡುವಿನಿಂದ ಜಾರಿ ರಸ್ತೆಯ ಮೇಲೆ ಚಿರತೆಯ ಚರ್ಮದಂತೆ ಬಿದ್ದಿರುತ್ತಿತ್ತು. ಅವರ ಸ್ಕೂಟರಿನ ಬಣ್ಣ ಬೂದು. ಎದುರಿನಿಂದ ಬಂದ ಲಾರಿಯೊಂದು ಇಟ್ಟಿಗೆ ಗೂಡಿನ ಕಡೆಗೆ ಬಲಕ್ಕೆ ತಿರುಗಿಕೊಂಡಿತು. ಅಷ್ಟೇ.

ಮಹಜರಿಗೆ ಸಹಿ ಹಾಕಿದ ಪಂಚರಲ್ಲಿ ನಾನೂ ಒಬ್ಬ. ಲಾರಿಯ ಚಾಲಕ ಮೂವತ್ತರ ಒಳಗಿನ ಹುಡುಗ. ಓಡಿಹೋಗದೆ ಅಲ್ಲೇ ಕುಳಿತು, "ಸ್ವಾಮೀ, ನಾನು ನೋಡಿದೆ, ರಸ್ತೆ ಖಾಲಿ ಇತ್ತು. ಕಾಣಲೇ ಇಲ್ಲ ಸ್ವಾಮೀ" ಎಂದು ಒಂದೇ ಮಾತನ್ನು ಹೇಳುತ್ತಿದ್ದ. ನೇರವಾದ ರಸ್ತೆ, ಹಾಡುಹಗಲು, ಎದುರಿಗೆ ಬರುವ ಸ್ಕೂಟರು. ಕಾಣಲಿಲ್ಲವೆಂದರೆ ಯಾರು ನಂಬುತ್ತಾರೆ? ಅವನ ಮುಖಕ್ಕೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ನಲವತ್ತೈದು ನಿಮಿಷ ಮುಂಚೆ ಅದೇ ನಾಲಗೆ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟಿತ್ತು. ಅವನು ಸುಳ್ಳುಗಾರನೆಂದೇ ಇಪ್ಪತ್ತು ವರ್ಷ ನಂಬಿದ್ದೆ.

ನಿವೃತ್ತನಾದ ಮೇಲೆ, ವಿದೇಶದಲ್ಲಿರುವ ಶಿಷ್ಯರೊಬ್ಬರು ಕಳುಹಿಸಿದ ಕಾಗದಗಳ ನಡುವೆ ಒಂದು ವರದಿಯ ಸಾರಾಂಶ ಸಿಕ್ಕಿತು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಎಂಬವರು ಲಾಸ್ ಏಂಜಲೀಸ್ ಸುತ್ತಮುತ್ತ 900 ಮೋಟಾರ್ ಸೈಕಲ್ ಅಪಘಾತಗಳ ಸ್ಥಳಕ್ಕೆ ಹೋಗಿ ಅಳೆದು ಕೇಳಿ, ಜೊತೆಗೆ 3,600 ಪೊಲೀಸ್ ವರದಿಗಳನ್ನೂ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿ ಅದು. ಬೇರೆ ವಾಹನದೊಡನೆ ನಡೆದ ಡಿಕ್ಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಆ ಬೇರೆ ವಾಹನದವನು ದಾರಿ ಬಿಡದೆ ಅಡ್ಡ ಬಂದದ್ದರಿಂದ ಆದವು. ಅದಕ್ಕೆ ಮುಖ್ಯ ಕಾರಣ ಮೋಟಾರ್ ಸೈಕಲ್ ಅವನ ಅರಿವಿಗೆ ಬಾರದೆ ಹೋದದ್ದು. ಅವರಲ್ಲಿ ಎಷ್ಟೋ ಜನ ಹೇಳಿದ್ದು ಅದೇ ಮಾತು: ಕಾಣಲಿಲ್ಲ. ಕಣ್ಣು ಆ ಕಡೆ ತಿರುಗಿತ್ತು, ಬಿಂಬವೂ ಅಕ್ಷಿಪಟಲದ ಮೇಲೆ ಬಿದ್ದಿರಬಹುದು. ಮನಸ್ಸು ಮಾತ್ರ ಕಾರು, ಬಸ್ಸುಗಳ ಅಗಲವಾದ ಆಕಾರವನ್ನು ಹುಡುಕುತ್ತಿತ್ತು. ಎದುರಿನಿಂದ ನೋಡಿದರೆ ದ್ವಿಚಕ್ರವೊಂದು ಒಂದು ಕಂಬದಷ್ಟು ಅಗಲ. ನೆರಳು ಬಿಸಿಲಿನ ಚುಕ್ಕೆಗಳಲ್ಲಿ ಬೂದು ಬಣ್ಣದ ಕಂಬ!

ಆ ಕಾಗದವನ್ನು ಓದಿ ಮುಗಿಸಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅವನ ಅಜಾಗರೂಕತೆ ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅವನು ಸುಳ್ಳು ಹೇಳಿರಲಿಲ್ಲ.

ಇದೇ ವರದಿ ಹಗಲಿನಲ್ಲಿಯೂ ಹೆಡ್‌ಲೈಟ್ ಉರಿಸುವುದರಿಂದ ಅಪಾಯ ಇಳಿಯುತ್ತದೆಂದು ಹೇಳಿತ್ತು. ಹಗಲಿನ ದೀಪವನ್ನು ಎಲ್ಲ ವಾಹನಗಳಿಗೂ ಕಾನೂನಾಗಿಸಿದವರು ಉತ್ತರ ಯೂರೋಪಿನವರು. ಫಿನ್ಲೆಂಡ್ 1972ರಲ್ಲಿ ಚಳಿಗಾಲದಲ್ಲಿ ಊರ ಹೊರಗಿನ ರಸ್ತೆಗಳಿಗೆ ಮಾತ್ರ ಇದನ್ನು ಆರಂಭಿಸಿತು. ಸ್ವೀಡನ್ 1977ರ ಅಕ್ಟೋಬರ್ 1ರಿಂದ ವರ್ಷವಿಡೀ ಎಲ್ಲೆಡೆಯೂ ಕಡ್ಡಾಯ ಮಾಡಿತು. ಅದಕ್ಕೆ ಹತ್ತು ವರ್ಷ ಮೊದಲು, 1967ರ ಸೆಪ್ಟೆಂಬರ್ 3ರಂದು, ಒಂದೇ ಬೆಳಗಿನಲ್ಲಿ ಇಡೀ ದೇಶದ ವಾಹನಗಳನ್ನು ಎಡದಿಂದ ಬಲಕ್ಕೆ ಸರಿಸಿದ್ದ ಜನ ಅವರು. ದೀಪ ಹಚ್ಚುವುದು ಅವರಿಗೇನು ಮಹಾ! ಆಮೇಲೆ ನಾರ್ವೆ, ಐಸ್‌ಲೆಂಡ್, ಡೆನ್ಮಾರ್ಕ್ ಅನುಸರಿಸಿದವು. 1989ರ ಡಿಸೆಂಬರಿನಿಂದ ಕೆನಡಾದ ಹೊಸ ಕಾರುಗಳಲ್ಲಿ ತಾನಾಗಿಯೇ ಹೊತ್ತುವ ಹಗಲು ದೀಪ ಕಡ್ಡಾಯವಾಯಿತು. 2011ರ ಫೆಬ್ರವರಿಯಿಂದ ಯೂರೋಪ್ ಒಕ್ಕೂಟದ ಹೊಸ ಮಾದರಿಯ ಕಾರುಗಳಿಗೂ ಅದು ಬಂತು. ಈಗಿನ ಕಾರುಗಳಲ್ಲಿ ಹುಬ್ಬಿನಂತೆ ಹೊಳೆಯುವ ಎಲ್‌ಇಡಿ ಪಟ್ಟಿ ಇರುತ್ತದಲ್ಲ, ಅದು ಬರಿಯ ಅಲಂಕಾರವಲ್ಲ. ಅದರ ಕೆಲಸ ರಸ್ತೆಯನ್ನು ಬೆಳಗುವುದೂ ಅಲ್ಲ. ಅದು ಹಗಲು ದೀವಟಿಗೆ.

ಎಲ್ಲರೂ ಒಪ್ಪಿದರೆಂದು ತಿಳಿಯಬೇಡಿ. ಆಸ್ಟ್ರಿಯಾ 2005ರ ನವೆಂಬರಿನಲ್ಲಿ ಹಗಲು ದೀಪವನ್ನು ಕಡ್ಡಾಯ ಮಾಡಿ, 2008ರ ಆರಂಭದಲ್ಲಿ ಹಿಂತೆಗೆದುಕೊಂಡಿತು. ಕಾರುಗಳೆಲ್ಲ ದೀಪ ಹೊತ್ತು ತಿರುಗಿದರೆ ಅವುಗಳ ನಡುವೆ ಸೈಕಲ್ಲು, ಪಾದಚಾರಿ, ಮೋಟಾರ್ ಸೈಕಲ್ಲುಗಳು ಮತ್ತಷ್ಟು ಮರೆಯಾಗುತ್ತವೆ ಎಂಬುದು ವಿರೋಧಿಗಳ ಮುಖ್ಯ ವಾದ. ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರುಗಳ ಹಗಲು ದೀಪದಿಂದ ಒಟ್ಟಾರೆ ಗಮನಾರ್ಹ ಲಾಭ ಕಾಣಲಿಲ್ಲ. ಆ ಬಿಸಿಲಿನ ದೇಶದಲ್ಲಿ ಕಾರಿನಂಥ ದೊಡ್ಡ ವಸ್ತು ದೀಪವಿಲ್ಲದೆಯೂ ಕಾಣುತ್ತದೆಂಬುದು ನನ್ನ ಊಹೆ.

ದೀಪವಿದ್ದ ಮಾತ್ರಕ್ಕೆ ವಸ್ತು ಎದ್ದು ಕಾಣುತ್ತದೆಂಬ ನಿಯಮವೂ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ವಿಮಾನವೊಂದರ ರೆಕ್ಕೆಯ ಅಂಚಿಗೆ ದೀಪಗಳನ್ನು ಜೋಡಿಸಿ, ಅವುಗಳ ಬೆಳಕನ್ನು ಹಿಂದಿನ ಆಕಾಶದ ಬೆಳಕಿಗೆ ಸರಿಸಮ ಮಾಡಿತು. 12 ಮೈಲಿ ದೂರದಿಂದ ಕಪ್ಪು ಚುಕ್ಕೆಯಾಗಿ ಕಾಣುತ್ತಿದ್ದ ವಿಮಾನ 2 ಮೈಲಿ ಹತ್ತಿರ ಬರುವವರೆಗೂ ಕಾಣಲಿಲ್ಲವಂತೆ! ದೀಪ ಹಿನ್ನೆಲೆಗಿಂತ ಪ್ರಖರವಾಗಿದ್ದರೆ ತೋರಿಸುತ್ತದೆ, ಸಮನಾಗಿದ್ದರೆ ಅಡಗಿಸುತ್ತದೆ. ಹಗಲು ದೀಪಕ್ಕೆ ಕನಿಷ್ಠ 400 ಕ್ಯಾಂಡೆಲಾ ಇರಲೇಬೇಕೆಂದು ಅಂತರರಾಷ್ಟ್ರೀಯ ನಿಯಮದಲ್ಲಿ ಗೊತ್ತುಮಾಡಿರುವುದರ ಹಿಂದೆ ಇದೇ ತರ್ಕವಿದೆ.

ಆದರೆ ದ್ವಿಚಕ್ರದ ವಿಚಾರದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ಅದೂ ನಮ್ಮಂಥದೇ ಬಿಸಿಲಿನ ದೇಶದಿಂದ ಬಂದದ್ದು. ಮಲೇಷ್ಯಾ 1992ರಲ್ಲಿ ಮೋಟಾರ್ ಸೈಕಲ್ಲುಗಳಿಗೆ ಹಗಲು ದೀಪವನ್ನು ಕಡ್ಡಾಯ ಮಾಡಿತು. ಕಣ್ಣಿಗೆ ಬೀಳದೆ ಆಗುವ ಬಗೆಯ ಅಪಘಾತಗಳು ಅಲ್ಲಿ ಸುಮಾರು 29 ಪ್ರತಿಶತ ಇಳಿದವೆಂದು ರಾದಿನ್ ಉಮರ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ಉತ್ತರ ಧ್ರುವದ ಮಸುಕು ಬೆಳಕಿನವರಿಗೆ ಮಾತ್ರ ಇದು ಬೇಕು, ಸಮಭಾಜಕದ ಹತ್ತಿರದವರಿಗೇಕೆ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಡ. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಿಗೆ ಎಂಜಿನ್ ಹೊತ್ತಿದೊಡನೆ ಹೊತ್ತುವ ದೀಪ ಕಡ್ಡಾಯವಾಯಿತು. ತಡವಾಯಿತೆನ್ನಲು ಒಂದು ಅಂಕಿ ಸಾಕು: 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 44.5 ಪ್ರತಿಶತ ದ್ವಿಚಕ್ರದ ಮೇಲಿದ್ದವರು.

ಅಂದು ನನ್ನ ಸೋದರಳಿಯನಿಗೆ ಇಷ್ಟನ್ನೆಲ್ಲ ಹೇಳಲಿಲ್ಲ. ಹುಡುಗರಿಗೆ ಅಂಕಿಅಂಶ ಹಿಡಿಸದು. ಅವನನ್ನು ಹಿಂದೆ ಕೂರಿಸಿಕೊಂಡು ನನ್ನ ಹಳೆಯ ಸ್ಕೂಟರಿನಲ್ಲಿ ಅದೇ ರಸ್ತೆಗೆ ಕರೆದುಕೊಂಡು ಹೋದೆ. ಹುಣಸೆಮರಗಳಲ್ಲಿ ಹೆಚ್ಚಿನವು ರಸ್ತೆ ಅಗಲ ಮಾಡುವಾಗ ಹೋಗಿವೆ. ಇಟ್ಟಿಗೆ ಗೂಡಿದ್ದ ಕಡೆ ಆರೇಳು ಮಾತ್ರ ಉಳಿದಿದ್ದವು. ಆ ನೆರಳಿನಾಚೆ ಗಾಡಿ ನಿಲ್ಲಿಸಿ, "ಎದುರಿಂದ ಬರೋ ಬೈಕುಗಳನ್ನು ನೋಡು. ಕಂಡ ತಕ್ಷಣ ಹೇಳು" ಎಂದೆ. ಅರ್ಧ ಗಂಟೆ ಅಲ್ಲೇ ನಿಂತೆವು. ಹಳೆಯ ಗಾಡಿಗಳು ನೆರಳಿನಿಂದ ಹೊರಬಂದ ಮೇಲೆ ಅವನು ಬಾಯಿ ತೆರೆಯುತ್ತಿದ್ದ. ಹೊಸ ಗಾಡಿಗಳನ್ನು ಅವು ನೆರಳಿನೊಳಗೆ ಹೊಕ್ಕುವ ಮೊದಲೇ, ದೂರದ ತಿರುವಿನಲ್ಲಿಯೇ ಎಣಿಸುತ್ತಿದ್ದ. ಐದಾರು ಗಾಡಿಗಳಾದ ಮೇಲೆ ಎಣಿಸುವುದನ್ನು ನಿಲ್ಲಿಸಿ, "ಮಾವ, ಆ ಮೇಷ್ಟ್ರು ಬಿದ್ದದ್ದು ಇಲ್ಲೇನಾ?" ಎಂದು ಕೇಳಿದ. ಅವನಿಗೆ ಅವನ ಅಮ್ಮ ಹೇಳಿದ್ದಳಂತೆ.

ಹೌದೆಂದೆ. ಲಾರಿಯವನ ವಿಷಯ ಮಾತ್ರ ಹೇಳಲಿಲ್ಲ. ಆ ಹುಡುಗನಿಗೂ ಈಗ ಎಪ್ಪತ್ತರ ಹತ್ತಿರವಾಗಿರಬೇಕು. ಎಲ್ಲಿದ್ದಾನೋ ತಿಳಿಯದು, ಅವನ ಹೆಸರು ಆ ಮಹಜರಿನ ಕಾಗದದಲ್ಲಿತ್ತು, ನನಗೆ ನೆನಪಿಲ್ಲ.